ಆರು ಭಾನುವಾರದಲ್ಲಿ ಶ್ರೀಸಾಮಾನ್ಯರ ತರಬೇತಿ ಮುಗಿಸಬಹುದಾ?

ಸಂಯೋಜಕಿ
ಎಲ್ಲರಿಗೂ ನಮಸ್ಕಾರ. ನಮ್ಮ ಕಥೋಲಿಕ ಧರ್ಮಕೇಂದ್ರದ ಶ್ರೀಸಾಮಾನ್ಯರಿಗೆ, ಅಂದ್ರೆ ಗುರುಗಳಲ್ಲದ (ಫಾದರ್ ಅಲ್ಲದ) ಸಾಮಾನ್ಯ ವಿಶ್ವಾಸಿಗಳಿಗೆ, ತರಬೇತಿ ಶುರು ಮಾಡಬೇಕಾಗಿದೆ. ಹೆಸರು ಕೊಟ್ಟವರು 24 ಜನ. ಪೂಜೆಯಲ್ಲಿ ಬೈಬಲ್ ಓದುವ ವಾಚಕರಾಗುವವರು, ಪರಮಪ್ರಸಾದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಹಂಚುವವರು, ರೋಗಿಗಳ ಮನೆಗೆ ಹೋಗುವವರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ಎಲ್ಲ ಸೇರಿದ್ದಾರೆ. "ಸೇವೆ ಗೀವೆ ಬೇಡ, ವಿಶ್ವಾಸ ಗಟ್ಟಿಯಾದ್ರೆ ಸಾಕು" ಅನ್ನೋರೂ ಐದಾರು ಜನ ಇದ್ದಾರೆ.
ಈಗಿರೋ ಯೋಜನೆ ಇಷ್ಟು: ಆರು ಭಾನುವಾರ, ಪೂಜೆ ಮುಗಿದ ಮೇಲೆ ತಲಾ ಎರಡು ಗಂಟೆ, ವಾರಕ್ಕೊಬ್ಬ ಗುರುಗಳಿಂದ ಉಪನ್ಯಾಸ, ಕೊನೆಗೆ ಪ್ರಮಾಣಪತ್ರ. ಇಷ್ಟು ಸಾಕಾ? ಎಲ್ಲರನ್ನೂ ಒಂದೇ ತಂಡದಲ್ಲಿ ಕೂರಿಸಬಹುದಾ? ಸಾಮಾನ್ಯವಾಗಿ ಎಲ್ಲಿ ಕೆಡುತ್ತೆ? ಗೊತ್ತಿರೋರು ಹೇಳಿ.

ಮೂರನೇಬೆಂಚು
ಪ್ರಮಾಣಪತ್ರ ಮೊದಲೇ ಮುದ್ರಣಕ್ಕೆ ಹೋಗಿರುತ್ತೆ ಬಿಡಿ.

ಹಳೇಉಪದೇಶಿ
ಮೇಡಂ, ಲೆಕ್ಕ ಹಾಕಿ. ಆರು ಭಾನುವಾರ ಅಂದ್ರೆ 12 ಗಂಟೆ. ಬರೋದು ಕೂರೋದು, ತಡವಾಗಿ ಬಂದವರಿಗೆ ಇನ್ನೊಮ್ಮೆ ಹೇಳೋದು, ಇದೆಲ್ಲ ಕಳೆದರೆ ಒಂಬತ್ತು ಗಂಟೆ ಉಳಿದರೆ ಪುಣ್ಯ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ 2865 ಪರಿಚ್ಛೇದ ಇವೆ. 2005ರ ಸಂಕ್ಷಿಪ್ತ ರೂಪ ತಗೊಂಡ್ರೂ 598 ಪ್ರಶ್ನೋತ್ತರ. ಒಂಬತ್ತು ಗಂಟೆಯಲ್ಲಿ ಅದನ್ನ "ಮುಗಿಸೋಕೆ" ಹೊರಟ ಉಪನ್ಯಾಸಕರು ಕೊನೆಗೆ ಶೀರ್ಷಿಕೆಗಳನ್ನಷ್ಟೇ ಓದಿ ಮುಗಿಸ್ತಾರೆ.
ಮುಗಿಸೋ ಆಸೆ ಬಿಡಿ. ಆ ಗ್ರಂಥಕ್ಕಿರೋದು ನಾಲ್ಕು ಕಂಬ: ನಂಬುವುದು, ಆಚರಿಸುವುದು, ಬದುಕುವುದು, ಪ್ರಾರ್ಥಿಸುವುದು. ಒಂದೊಂದಕ್ಕೆ ಮೂರು ಬೈಠಕ್ ಇಟ್ಟರೂ 12 ಬೈಠಕ್, 24 ಗಂಟೆ. ಇದು ಎಲ್ಲರಿಗೂ ಒಂದೇ ಬುನಾದಿ. "ಸೇವೆ ಬೇಡ" ಅನ್ನೋ ಐದಾರು ಜನಕ್ಕೂ ಇದೇ. ಆಮೇಲೆ ದಾರಿ ಬೇರೆ ಬೇರೆ. ವಾಚಕರಿಗೆ ಬೇಕಾದ ಕಸುಬು ರೋಗಿಗಳ ಮನೆಗೆ ಹೋಗುವವರಿಗೆ ಬೇಡ. ಎಲ್ಲರನ್ನೂ ಕೊನೇವರೆಗೂ ಒಟ್ಟಿಗೆ ಕೂರಿಸಿದರೆ ಯಾವ ಹೊತ್ತಿನಲ್ಲಿ ನೋಡಿದ್ರೂ ಮುಕ್ಕಾಲು ಭಾಗ ಜನ ಆಕಳಿಸ್ತಾ ಇರ್ತಾರೆ.
ಎರಡು ಗಂಟೆ ಹಂಚೋದು ಹೀಗೆ: ವಾಕ್ಯ ಓದಿ ಪ್ರಾರ್ಥನೆ 20 ನಿಮಿಷ, ಪಾಠ 35, ಕೈಯಾರೆ ಅಭ್ಯಾಸ 40, ಹಂಚಿಕೊಳ್ಳೋದು 15, ಮನೆಗೆಲಸ ಹೇಳೋದು 10. ಪಾಠ 35 ದಾಟಿದರೆ ಕತ್ತರಿ ಬೀಳೋದು ಅಭ್ಯಾಸಕ್ಕೇ. ಗಡಿಯಾರ ನೋಡೋ ಕೆಲಸ ಒಬ್ಬರಿಗೆ ವಹಿಸಿ. ಆ ಒಬ್ಬರು ಗುರುಗಳಿಗೂ "ಸಮಯ ಆಯ್ತು ಫಾದರ್" ಅನ್ನೋ ಧೈರ್ಯ ಇರೋರಾಗಿರಲಿ.

ಕಾನೂನು230
ಅದಕ್ಕೂ ಮುಂಚೆ ಯಾವ ಸೇವೆಗೆ ತರಬೇತಿ ಅಂತ ಸ್ಪಷ್ಟ ಮಾಡ್ಕೊಳ್ಳಿ. ಮೂರು ಬೇರೆ ಬೇರೆ ವಿಷಯ ಒಂದಕ್ಕೊಂದು ಕಲಸಿಹೋಗಿವೆ.
ಒಂದು, ಧರ್ಮಾಧ್ಯಕ್ಷರು (ಬಿಷಪ್) ವಿಧಿಪೂರ್ವಕವಾಗಿ ನೇಮಿಸುವ ಸ್ಥಿರ ಸೇವೆಗಳು. 1972ರಲ್ಲಿ ಪೋಪ್ ಆರನೇ ಪೌಲರು ಗುರುದೀಕ್ಷೆಗೆ ಮುಂಚೆ ಕೊಡ್ತಿದ್ದ ಹಳೇ ಕಿರಿಯ ದೀಕ್ಷೆಗಳನ್ನ ತೆಗೆದು ವಾಚಕ, ಪೀಠಸೇವಕ (ಬಲಿಪೀಠದಲ್ಲಿ ನೆರವಾಗೋರು) ಅನ್ನೋ ಎರಡನ್ನ ಉಳಿಸಿದರು. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶ ಕಲಿಸುವ ಉಪದೇಶಿ ಸೇವೆಯನ್ನೂ ಸೇರಿಸಿದರು. ಎರಡು, ಆಯಾ ದಿನದ ಮಟ್ಟಿಗೆ ಓದುವುದು, ಹಾಡುವುದು. ಇದಕ್ಕೆ ನೇಮಕದ ವಿಧಿ ಬೇಕಿಲ್ಲ. ಮೂರು, ಅಗತ್ಯ ಬಿದ್ದಾಗ ಮಾತ್ರ ಪರಮಪ್ರಸಾದ ಹಂಚುವುದು. ಇದಕ್ಕೆ 1973ರಿಂದ ಅನುಮತಿ ಇದೆ, ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 910ನೇ ಕಾನೂನು.
ಇನ್ನು 231ನೇ ಕಾನೂನು ಓದಿ. ಧರ್ಮಸಭೆಯ ವಿಶೇಷ ಸೇವೆಗೆ ತೊಡಗುವ ಶ್ರೀಸಾಮಾನ್ಯರು ತಕ್ಕ ತರಬೇತಿ ಪಡೆಯಲೇಬೇಕು, ಅದು ಕರ್ತವ್ಯ. ಅದರ ಎರಡನೇ ಭಾಗವನ್ನ ಯಾರೂ ಓದಲ್ಲ. ಅಂಥವರಿಗೆ ಯೋಗ್ಯ ಸಂಭಾವನೆಯ ಹಕ್ಕೂ ಇದೆ ಅಂತ ಅಲ್ಲೇ ಬರೆದಿದೆ.

ಮೂರನೇಬೆಂಚು
ಎರಡನೇ ಭಾಗದ ಪುಟವನ್ನ ಎಲ್ಲ ಕಡೆ ಯಾರೋ ಹರಿದುಕೊಂಡು ಹೋಗಿದಾರೆ.

ಗಂಟೆಮನೆ
ಸ್ಥಿರ ವಾಚಕ ಸೇವೆ ಗಂಡಸರಿಗೆ ಮಾತ್ರ ಅಲ್ವಾ? ಹೆಂಗಸರು ಓದಬಹುದು, ಆದರೆ ವಿಧಿಪೂರ್ವಕ ನೇಮಕ ಇಲ್ಲ ಅಂತ ಕೇಳಿದ್ದು. ಮತ್ತೆ ಪ್ರಸಾದ ಹಂಚೋರನ್ನ "ವಿಶೇಷ ಸೇವಕರು" ಅಂತಲೇ ಕರೀತಾರೆ.

ಕಾನೂನು230
ಎರಡೂ ಹಳೇ ಮಾತು ಸರ್. 2021ರ ಜನವರಿ 10ಕ್ಕೆ 230ನೇ ಕಾನೂನಿನ ಮೊದಲ ಭಾಗದಿಂದ "ಪುರುಷರು" ಅನ್ನೋ ಪದ ಹೋಯ್ತು. ಈಗ ವಾಚಕ, ಪೀಠಸೇವಕ ಎರಡೂ ಹೆಂಗಸರಿಗೂ ತೆರೆದಿವೆ.
"ವಿಶೇಷ ಸೇವಕ" ಅನ್ನಬಾರದು ಅಂತ 2004ರ ರೋಮ್ ಸೂಚನೆಯಲ್ಲೇ ಇದೆ. "ಅಸಾಧಾರಣ" ಅನ್ನೋದೇ ಸರಿ. ಸಾಧಾರಣ ಸೇವಕರು ಅಂದ್ರೆ ಧರ್ಮಾಧ್ಯಕ್ಷರು, ಗುರುಗಳು, ಡೀಕನರು (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದವರು). ಅವರು ಸಾಕಷ್ಟು ಇಲ್ಲದಾಗ ಮಾತ್ರ ಇವರು. "ವಿಶೇಷ" ಅಂದ ಕೂಡಲೇ ಜನಕ್ಕೆ ಎದೆ ಉಬ್ಬುತ್ತೆ, "ಅಸಾಧಾರಣ" ಅಂದ್ರೂ ಉಬ್ಬುತ್ತೆ, ಏನ್ಮಾಡೋದು. ಅರ್ಥ ಇಷ್ಟೇ: ಮಾಮೂಲಿ ವ್ಯವಸ್ಥೆ ಸಾಲದಾಗ ಬರೋರು.

ವಾಚನಪೀಠ
ವಾಚಕರ ತರಬೇತಿ ಬಗ್ಗೆ ಬರೀತೀನಿ, ಉದ್ದ ಆಗುತ್ತೆ.
"ಓದೋಕೆ ಬರುತ್ತೆ, ಇನ್ನೇನು ಕಲಿಯೋದು" ಅನ್ನೋದೇ ಮೊದಲ ತೊಡಕು. ಕನ್ನಡದಲ್ಲಿ ಕ್ರಿಯಾಪದ ಬರೋದು ವಾಕ್ಯದ ತುದಿಯಲ್ಲಿ. ಸಂತ ಪೌಲರ ಪತ್ರಗಳಲ್ಲಿ ವಾಕ್ಯ ನಾಲ್ಕೈದು ಸಾಲು ಓಡುತ್ತೆ. ಓದುವವರ ಉಸಿರು ಮೂರನೇ ಸಾಲಿಗೇ ಮುಗಿದಿರುತ್ತೆ, ತುದಿಯ ಪದ ಗಂಟಲಲ್ಲೇ ಉಳಿಯುತ್ತೆ. "ಹೆದರಬೇಡಿ" ಅನ್ನೋದರಲ್ಲಿ "ಬೇಡಿ" ಕೇಳದಿದ್ದರೆ ದೇವದೂತ ಹೆದರಿಸೋಕೆ ಬಂದ ಹಾಗಿರುತ್ತೆ. ರೋಮನರಿಗೆ ಬರೆದ ಪತ್ರದ ಏಳನೇ ಅಧ್ಯಾಯದಲ್ಲಿ, ಬಯಸಿದ ಒಳ್ಳೆಯದನ್ನು ಮಾಡದೆ ಬಯಸದ ಕೆಟ್ಟದ್ದನ್ನು ಮಾಡ್ತೀನಿ ಅನ್ನೋ ಮಾತಿದೆಯಲ್ಲ, ಅಲ್ಲಿ "ಮಾಡದೆ" ಹೋಗಿ "ಮಾಡಿದೆ" ಆದರೆ ಪೌಲರ ಇಡೀ ಗೋಳು ತಲೆಕೆಳಗು.
ಅದಕ್ಕೆ ಅಭ್ಯಾಸ ಹೀಗೆ. ಪುಸ್ತಕದಿಂದ ನಕಲು ಮಾಡಿದ ಹಾಳೆ ಮೇಲೆ ಪೆನ್ಸಿಲಿನಿಂದ ಉಸಿರು ತಗೊಳ್ಳೋ ಜಾಗಕ್ಕೆ ಒಂದು ಗೀಟು, ನಿಲ್ಲೋ ಜಾಗಕ್ಕೆ ಎರಡು ಗೀಟು, ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ. ಮೊದಲು ಕ್ರಿಯಾಪದಗಳನ್ನಷ್ಟೇ ಜೋರಾಗಿ ಓದಿಸಿ. ಆಮೇಲೆ ಪೂರ್ತಿ. ಮೂರನೇ ಸಲಕ್ಕೆ ತುದಿ ಬೀಳೋದು ನಿಂತಿರುತ್ತೆ.
ಸಮಯದ ಲೆಕ್ಕ: ಒಬ್ಬರು ಓದೋಕೆ 2 ನಿಮಿಷ, ಉಳಿದವರು ಹೇಳೋಕೆ 3, ತಿದ್ದಿಕೊಂಡು ಮತ್ತೆ ಓದೋಕೆ 2. ಒಟ್ಟು 7. 24 ಜನ ಒಂದೇ ಗುಂಪಾದರೆ 168 ನಿಮಿಷ, ಅಂದ್ರೆ ಮೂರು ಗಂಟೆಗೆ ಹತ್ತಿರ. ಆರಾರು ಜನರ ಗುಂಪು ಮಾಡಿದರೆ 42 ನಿಮಿಷಕ್ಕೆ ಮುಗಿಯುತ್ತೆ. ಗುಂಪಿಗೊಬ್ಬ ಕಿವಿ ಚುರುಕಿನ ಹಳೇ ವಾಚಕರು ಇರಲಿ. ದೇವಾಲಯದ ಕೊನೇ ಸಾಲಿನಲ್ಲಿ ಒಬ್ಬರು ಪುಸ್ತಕ ಇಲ್ಲದೆ ಕೂತು ಕೇಳಬೇಕು. ಪುಸ್ತಕ ನೋಡ್ತಾ ಕೇಳೋರಿಗೆ ತಪ್ಪು ಗೊತ್ತಾಗಲ್ಲ, ಕಣ್ಣೇ ತುಂಬಿಕೊಳ್ಳುತ್ತೆ.
ಚಿಕ್ಕಪುಟ್ಟ ತಪ್ಪುಗಳು: ಕೆಂಪಕ್ಷರದ ಸೂಚನೆಗಳನ್ನ ಓದಿಬಿಡೋದು. ವಾಚನ ಮುಗಿದ ಮೇಲೆ ಒಂದು ಉಸಿರಿನಷ್ಟೂ ನಿಲ್ಲದೆ "ಪ್ರಭುವಿನ ವಾಕ್ಯ" ಅಂದುಬಿಡೋದು. ಪ್ರವೇಶ ಮೆರವಣಿಗೆಯಲ್ಲಿ ವಾಚನಗ್ರಂಥ ಎತ್ತಿಕೊಂಡು ಬರೋದು. ಮೆರವಣಿಗೆಯಲ್ಲಿ ಬರಬೇಕಾದ್ದು ಶುಭಸಂದೇಶದ ಗ್ರಂಥ. ಪೆಂತೆಕೋಸ್ತ್ ಹಬ್ಬದ ದಿನದ ವಾಚನದಲ್ಲಿ ಬರೋ ಪಾರ್ಥಿಯರು, ಮೇದ್ಯರು, ಏಲಾಮ್ಯರ ಪಟ್ಟಿಯನ್ನ ಹೊಸಬರಿಗೆ ಕೊಡಲೇಬೇಡಿ, ದಯವಿಟ್ಟು.

ಗಂಟೆಮನೆ
ಅಕಾರ ಹಕಾರ ಬಿಟ್ರಲ್ಲ ಸರ್. "ಆದರದಿಂದ ಸ್ವಾಗತಿಸಿದರು" ಅನ್ನೋ ಕಡೆ ಒಂದು "ಹ" ಜಾಸ್ತಿಯಾದ್ರೆ ಇಡೀ ಸಭೆ ತಲೆ ಎತ್ತುತ್ತೆ.

ಮೂರನೇಬೆಂಚು
ಅವತ್ತು ಮಾತ್ರ ಯಾರೂ ನಿದ್ದೆ ಮಾಡಲ್ಲ 😄

ವಾಚನಪೀಠ
ನಗಬೇಡಿ, ಅದು ನಿಜವಾದ ಸಮಸ್ಯೆ. ಆಡುಮಾತಲ್ಲಿ ಹಕಾರ ಬಿಡೋ ರೂಢಿ ಇರೋರು ಮೈಕ್ ಮುಂದೆ ಬಂದಾಗ ಎಚ್ಚರ ವಹಿಸಿ ಬೇಡದ ಕಡೆ ಹಾಕ್ತಾರೆ. ಎಲ್ಲರೆದುರು ತಿದ್ದಿದರೆ ಮುಂದಿನ ವಾರ ಬರಲ್ಲ. ಹಾಳೆ ಮೇಲೆ ಅ, ಹ ಇರೋ ಪದಗಳಿಗೆ ಸುತ್ತು ಹಾಕಿಸಿ, ಅಷ್ಟೇ ಸಾಕು.

ಹುಳಿಹಿಟ್ಟು
ಕ್ಷಮಿಸಿ, ನನಗೆ ಈ ಚರ್ಚೆಯೇ ದಾರಿ ತಪ್ಪಿದೆ ಅನಿಸ್ತಿದೆ. ಇಷ್ಟೂ ಮಾತು ಬಲಿಪೀಠದ ಸುತ್ತ ಹತ್ತಡಿ ಜಾಗದ ಬಗ್ಗೆ. 1964ರಲ್ಲಿ ಧರ್ಮಸಭೆ ಕುರಿತ ಎರಡನೇ ವ್ಯಾಟಿಕನ್ ಮಹಾಸಭೆಯ ಸಂವಿಧಾನ, 31ನೇ ಪರಿಚ್ಛೇದ, ಶ್ರೀಸಾಮಾನ್ಯರ ಸ್ವಂತ ಲಕ್ಷಣ ಲೋಕದೊಳಗಿನ ಬದುಕು ಅಂತ ಹೇಳ್ತು. ಮನೆ, ಕೆಲಸ, ವ್ಯಾಪಾರ, ರಾಜಕೀಯ. ಹಿಟ್ಟಿನೊಳಗಿನ ಹುಳಿಯ ಹಾಗೆ ಒಳಗಿಂದ. 1965ರ ನವೆಂಬರ್ 18ಕ್ಕೆ ಶ್ರೀಸಾಮಾನ್ಯರ ಪ್ರೇಷಿತಕಾರ್ಯ ಕುರಿತ ಆಜ್ಞಾಪತ್ರ ಬಂತು, ಅದರ ಆರನೇ ಅಧ್ಯಾಯ ಪೂರ್ತಿ ತರಬೇತಿ ಬಗ್ಗೆಯೇ. ಅಲ್ಲಿ ಮೈಕ್ ಹಿಡಿಯೋದು ಹೇಗೆ ಅಂತ ಇಲ್ಲ.
ಹೆಸರು ಕೊಟ್ಟ 24 ಜನ ವಾರಕ್ಕೆ ಒಂದು ಗಂಟೆ ದೇವಾಲಯದಲ್ಲಿ, 167 ಗಂಟೆ ಹೊರಗೆ. ಲಂಚ ಕೇಳೋ ಮೇಲಧಿಕಾರಿ ಎದುರು ಏನ್ಮಾಡಬೇಕು, ಅಂಗಡಿ ಲೆಕ್ಕ ಹೇಗೆ ಬರೆಯಬೇಕು, ಕೆಲಸದವರ ಸಂಬಳ ಎಷ್ಟಿರಬೇಕು, ಇದಕ್ಕೆ ತರಬೇತಿ ಎಲ್ಲಿ?

ಹಳೇಉಪದೇಶಿ
ಸರಿ, ಆದರೆ ಅದನ್ನ ಹೇಗೆ ಕಲಿಸ್ತೀರಿ ಸ್ವಾಮಿ? ಭಾಷಣ ಮಾಡಿದರೆ ಅದೂ ಇನ್ನೊಂದು ಉಪನ್ಯಾಸವೇ ಆಯ್ತು.

ಹುಳಿಹಿಟ್ಟು
ಭಾಷಣ ಬೇಡ. ಬೆಲ್ಜಿಯಮ್ಮಿನ ಗುರು ಜೋಸೆಫ್ ಕಾರ್ಡಿನ್ ದುಡಿಯೋ ಹುಡುಗ ಹುಡುಗಿಯರ ಜೊತೆ ರೂಪಿಸಿದ ಕ್ರಮ ಇದೆ: ನೋಡು, ತೂಗು, ಮಾಡು. 1961ರಲ್ಲಿ ಪೋಪ್ 23ನೇ ಯೊವಾನ್ನರ ವಿಶ್ವಪತ್ರದಲ್ಲೂ ಇದನ್ನ ಶಿಫಾರಸು ಮಾಡಿದ್ದಾರೆ.
ಎಂಟು ಜನ, 60 ನಿಮಿಷ. ಒಬ್ಬರು ತಮ್ಮ ಕೆಲಸದ ಜಾಗದ ಒಂದೇ ಒಂದು ಸಂಗತಿ ತರಬೇಕು, "ಭ್ರಷ್ಟಾಚಾರ" ಅಂತ ವಿಷಯ ಅಲ್ಲ, "ಮಂಗಳವಾರ ಈ ಬಿಲ್ಲಿಗೆ ಸಹಿ ಹಾಕು ಅಂದರು" ಅನ್ನೋ ಥರ. ಮೊದಲ 20 ನಿಮಿಷ ಬರೀ ಪ್ರಶ್ನೆ: ಯಾರಿಗೆ ಲಾಭ, ಯಾರಿಗೆ ನಷ್ಟ, ಯಾಕೆ ಹೀಗಾಯ್ತು. ಮುಂದಿನ 20 ಶುಭಸಂದೇಶದ ಒಂದು ಭಾಗ, ಧರ್ಮಸಭೆಯ ಸಾಮಾಜಿಕ ಬೋಧನೆಯ ಒಂದು ಅಂಶ. ಕೊನೆಗೆ ಒಂದು ವಾರದೊಳಗೆ ಮಾಡಬಹುದಾದ ಒಂದು ಕೆಲಸ, ಯಾರು ಮಾಡ್ತಾರೆ ಅಂತ ಹೆಸರು ಸಮೇತ ಬರೆಯೋದು. ಮುಂದಿನ ಸಭೆ ಶುರುವಾಗೋದು "ಮಾಡಿದಿರಾ?" ಅನ್ನೋದರಿಂದ.
ಕೆಡೋದು ಎರಡು ಕಡೆ. "ನೋಡು" ಹಂತದಲ್ಲೇ ತೀರ್ಪು ಕೊಟ್ಟುಬಿಡ್ತಾರೆ. ಇಲ್ಲವೇ "ಮಾಡು" ಬಂದಾಗ "ಜಾಗೃತಿ ಮೂಡಿಸೋಣ" ಅಂತ ಬರೆದು ಎದ್ದು ಹೋಗ್ತಾರೆ. ಜಾಗೃತಿ ಅನ್ನೋ ಪದವನ್ನೇ ನಿಷೇಧಿಸಿ.

ಕಾನೂನು230
ಒಪ್ಪಿದೆ, ಆದರೆ ಪೀಠದ ಸೇವೆಯನ್ನ ಅಷ್ಟು ಹಗುರ ಮಾಡಬೇಡಿ. ತಪ್ಪು ಆಗೋದೂ ಅಲ್ಲೇ, ಜನ ನೋಯೋದೂ ಅಲ್ಲೇ.

ಹುಳಿಹಿಟ್ಟು
ಹಗುರ ಮಾಡಿಲ್ಲ. ಪೀಠದ ಮೇಲೆ ಜಾಗ ಸಿಕ್ಕಿದರೆ ಮಾತ್ರ ಒಳ್ಳೇ ಕ್ರೈಸ್ತ ಅನ್ನೋ ಭಾವನೆ ಇದೆಯಲ್ಲ, ಅದರ ಮೇಲೆ ನನ್ನ ತಕರಾರು.

ರೋಗಿಸಂದರ್ಶನ
ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯೋರಿಗೆ ಏನು ಕಲಿಸಬೇಕು ಅಂತ ಯಾರೂ ಬರೆದಿಲ್ಲ, ಹೇಳಿಬಿಡ್ತೀನಿ.
ಹೋಗೋ ಮುಂಚೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಬೇಕು. ಎಚ್ಚರವಾಗಿದ್ದಾರಾ? ನುಂಗೋಕೆ ಆಗುತ್ತಾ? ಮನೆಯಲ್ಲಿ ಇನ್ಯಾರು ಸ್ವೀಕರಿಸ್ತಾರೆ? ಆಮ್ಲಜನಕ ಹಾಕಿದ್ದಾರಾ? ಕೊನೇದು ಯಾಕೆ ಅಂದ್ರೆ ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ ಇಡೋದು ರೂಢಿ. ಆಮ್ಲಜನಕ ಇರೋ ಕೋಣೆಯಲ್ಲಿ ಬತ್ತಿ ಹಚ್ಚಲೇಬಾರದು. ಇದನ್ನ ಪಾಠದಲ್ಲಿ ಒಮ್ಮೆ ಅಲ್ಲ, ಮೂರು ಸಲ ಹೇಳಿ.
ಎಷ್ಟು ಜನರೋ ಅಷ್ಟೇ ಎಣಿಸಿ ಪ್ರಸಾದ ತಗೊಳ್ಳಿ. ಪ್ರಸಾದದ ಡಬ್ಬಿ ಕೊರಳಿಗೆ ತೂಗುವ ಚೀಲದಲ್ಲಿರಲಿ, ಪ್ಯಾಂಟಿನ ಜೇಬಿನಲ್ಲಲ್ಲ. ನೇರ ಹೋಗೋದು, ದಾರಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಉಳಿದರೆ ವಾಪಸ್ ತಂದು ಪ್ರಸಾದ ಪೆಟ್ಟಿಗೆಯಲ್ಲಿಡಬೇಕು, ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.
ನುಂಗೋಕೆ ಕಷ್ಟ ಇರೋರಿಗೆ ಅಕ್ಕಿಕಾಳಿನಷ್ಟು ಚೂರು ಸಾಕು, ಜೊತೆಗೆ ಒಂದು ಚಮಚ ನೀರು. ನೀರು ಕೂಡ ಕೊಡಬಾರದು ಅಂತ ವೈದ್ಯರು ಹೇಳಿದ್ದರೆ ಗುರುಗಳಿಗೆ ತಿಳಿಸಿ. ಬಾಯಿಂದ ಹೊರಗೆ ಬಂದರೆ ಗಾಬರಿ ಬೇಡ: ಸಣ್ಣ ಲೋಟದ ನೀರಿಗೆ ಹಾಕಿ, ಮುಚ್ಚಿ, ಗುರುಗಳ ಕೈಗೆ ಕೊಡಿ. ಪೂರ್ತಿ ಕರಗಿದ ಮೇಲೆ ಆ ನೀರು ಹೋಗಬೇಕಾದ ಜಾಗ ಬೇರೆ ಇದೆ, ಅಡುಗೆಮನೆ ತೊಟ್ಟಿಯಂತೂ ಅಲ್ಲ. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗಳಿಗೂ ಇಲ್ಲ, ಅವರನ್ನ ನೋಡಿಕೊಳ್ಳೋರಿಗೂ ಇಲ್ಲ (919ನೇ ಕಾನೂನು). ಎಷ್ಟೋ ಮನೆಯಲ್ಲಿ "ಈಗಷ್ಟೇ ಗಂಜಿ ಕುಡಿದರು" ಅಂತ ಸುಮ್ಮನೆ ವಾಪಸ್ ಕಳಿಸ್ತಾರೆ.
ಎರಡು ಗಡಿ ದಾಟಬೇಡಿ. ರೋಗಿ ತಮ್ಮ ಪಾಪಗಳನ್ನ ಹೇಳೋಕೆ ಶುರು ಮಾಡಿದರೆ ಮೆಲ್ಲಗೆ ತಡೆದು "ಗುರುಗಳನ್ನ ಕರೆಸ್ತೀನಿ ಅಮ್ಮ" ಅನ್ನಿ, ಕಿವಿಗೆ ಬಿದ್ದದ್ದನ್ನ ಅಲ್ಲೇ ಬಿಟ್ಟುಬನ್ನಿ. ಮತ್ತೆ ಯಾವ ಎಣ್ಣೆಯನ್ನೂ ಹಚ್ಚಬೇಡಿ. ರೋಗಿಗಳಿಗೆ ಎಣ್ಣೆ ಹಚ್ಚುವ ಅಭ್ಯಂಗ ಗುರುಗಳು ಮಾತ್ರ ಕೊಡುವ ಸಂಸ್ಕಾರ, ಪುಣ್ಯಕ್ಷೇತ್ರದ ಎಣ್ಣೆ ಅಂದರೂ ಮನೆಯವರಿಗೆ ಗೊಂದಲ ಆಗುತ್ತೆ.

ಗಂಟೆಮನೆ
ಗುರುಗಳು ಇಲ್ಲದ ಭಾನುವಾರ ವಾಕ್ಯಾರಾಧನೆ (ಪೂಜೆ ಬದಲು ವಾಕ್ಯ ಓದಿ ಪ್ರಾರ್ಥಿಸೋದು) ನಡೆಸೋದೂ ಕಲಿಸಬೇಕಲ್ವಾ?

ಕಾನೂನು230
ಬೇಕು. ಅಲ್ಲಿ ಇಡೀ ವ್ಯತ್ಯಾಸ ಒಂದು ಗುಣಿತದಲ್ಲಿದೆ. ಗುರುಗಳು "ದೇವರು ನಿಮ್ಮನ್ನು ಆಶೀರ್ವದಿಸಲಿ" ಅಂತಾರೆ. ಶ್ರೀಸಾಮಾನ್ಯ ಮುಂದಾಳು "ನಮ್ಮನ್ನು" ಅನ್ನಬೇಕು, ಜನರ ಮೇಲೆ ಶಿಲುಬೆ ಗುರುತು ಎಳೆಯದೆ ತಮ್ಮ ಮೇಲೆ ಹಾಕಿಕೊಳ್ಳಬೇಕು. ಗುರುಗಳ ಪೀಠದಲ್ಲಿ ಕೂರುವಂತಿಲ್ಲ, ಪೂಜೆಯಲ್ಲಿ ಗುರುಗಳೇ ಹೇಳುವ ಕೃತಜ್ಞತಾ ಮಹಾಪ್ರಾರ್ಥನೆ ಹೇಳುವಂತಿಲ್ಲ. ಬಾಯಿಪಾಠ ಆಗಿರೋ "ನಿಮ್ಮ" ತಾನಾಗೇ ಬಂದುಬಿಡುತ್ತೆ. ಅದಕ್ಕೇ ಐದಾರು ಸಲ ಗಟ್ಟಿಯಾಗಿ ಹೇಳಿಸಿ.

ಭಾನುವಾರತರಗತಿ
ಮಕ್ಕಳಿಗೆ ಕಲಿಸೋರ ಬಗ್ಗೆ ಚಿಕ್ಕದಾಗಿ. 45 ನಿಮಿಷದ ತರಗತಿಯಲ್ಲಿ ಪಠ್ಯಪುಸ್ತಕ ಓದೋದೇ ಪಾಠ ಆಗಿಬಿಡುತ್ತೆ. ಪುನರುತ್ಥಾನದ ನಂತರ ಎಮ್ಮಾವು ಊರಿನ ದಾರಿಯಲ್ಲಿ ಯೇಸು ಇಬ್ಬರು ಶಿಷ್ಯರನ್ನ ಮೊದಲು ಕೇಳಿದ್ದು "ಏನು ಮಾತಾಡ್ತಿದ್ದೀರಿ" ಅಂತ. ಹಾಗೇ ಮಕ್ಕಳ ಮಾತಿನಿಂದ ಶುರು ಮಾಡಿ 10 ನಿಮಿಷ, ವಾಕ್ಯ 10, ಬೋಧನೆ 12, ಪ್ರಾರ್ಥನೆ 5, ಉಳಿದದ್ದು ಚಟುವಟಿಕೆ. ತರಬೇತಿಯಲ್ಲಿ "ನನಗೆ ಗೊತ್ತಿಲ್ಲ, ಮುಂದಿನ ವಾರ ಕೇಳ್ಕೊಂಡು ಬರ್ತೀನಿ" ಅನ್ನೋದನ್ನ ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ದೊಡ್ಡವರ ಬಾಯಲ್ಲಿ ಆ ಮಾತು ಬರೋದು ಬಹಳ ಕಷ್ಟ.
ಮಕ್ಕಳ ಸುರಕ್ಷತೆಗೆ ಒಂದು ಪೂರ್ತಿ ಬೈಠಕ್ ಇಡಿ, ಕೊನೆಗಲ್ಲ, ಮೊದಲಿಗೆ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಬೇಕು, ಮಗುವಿಗೆ ಖಾಸಗಿ ಸಂದೇಶ ಕಳಿಸುವಂತಿಲ್ಲ, ದೂರು ಬಂದರೆ ಯಾರಿಗೆ ತಿಳಿಸಬೇಕು ಅಂತ ಬರೆದು ಗೋಡೆಗೆ ಹಾಕಿರಬೇಕು. ಇದಕ್ಕೆ ಸಹಿ ಹಾಕದವರಿಗೆ ತರಗತಿ ಇಲ್ಲ.

ಮೌನಿ
ಆ "ಸೇವೆ ಬೇಡ" ಅನ್ನೋ ಐದಾರು ಜನರನ್ನ ಎಲ್ಲರೂ ಮರೆತಿರಿ. ನಿಜಕ್ಕೂ ಉಳಿದವರಿಗೂ ಬೇಕಾದ್ದು ಅವರು ಕೇಳ್ತಿರೋದೇ.
ವಾಕ್ಯದ ಪ್ರಾರ್ಥನೆಗೆ 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೊ ಹೇಳಿದ ನಾಲ್ಕು ಮೆಟ್ಟಿಲಿವೆ: ಓದು, ಮನನ, ಪ್ರಾರ್ಥನೆ, ಧ್ಯಾನದಲ್ಲಿ ನೆಲೆ ನಿಲ್ಲೋದು. 20 ನಿಮಿಷದಲ್ಲಿ ಹತ್ತು ವಾಕ್ಯಕ್ಕಿಂತ ಹೆಚ್ಚು ಓದಬೇಡಿ. ಎರಡು ಸಲ ಓದಿ, ನಡುವೆ ಎರಡು ನಿಮಿಷ ಮೌನ. ಎರಡು ನಿಮಿಷ ಅಂದ್ರೆ ಗಡಿಯಾರದ ಎರಡು ನಿಮಿಷ. ನಡೆಸೋರಿಗೆ 20 ಸೆಕೆಂಡಿಗೇ ಕಸಿವಿಸಿ ಆಗಿ ಹಾಡು ಶುರು ಮಾಡ್ತಾರೆ, ಅಲ್ಲೇ ಎಲ್ಲ ಕೆಡೋದು.
ಹಂಚಿಕೊಳ್ಳುವಾಗ "ನಾವು" ಅನ್ನೋ ಪದ ಬಂದರೆ ಅದು ಪ್ರಬೋಧನೆ. "ನಾವು ಕ್ಷಮಿಸಬೇಕು" ಬೇಡ, "ನನಗೆ ಈ ಮಾತು ಚುಚ್ಚಿತು" ಸಾಕು. ಮೊದಲ ಸುತ್ತಿನಲ್ಲಿ ತಮ್ಮದು ಹೇಳೋದು, ಎರಡನೇ ಸುತ್ತಿನಲ್ಲಿ ಇನ್ನೊಬ್ಬರ ಮಾತಿನಲ್ಲಿ ಏನು ತಟ್ಟಿತು ಅಂತ, ಮೂರನೇದರಲ್ಲಿ ಒಟ್ಟಾಗಿ ಏನು ಕಾಣ್ತಿದೆ ಅಂತ. ರೋಮಿನ ಸಿನೊಡ್‌ನಲ್ಲಿ (ಧರ್ಮಾಧ್ಯಕ್ಷರ ಸಭೆಯಲ್ಲಿ) ಬಳಸಿದ್ದೂ ಇದೇ ಮೂರು ಸುತ್ತು.

ಮೂರನೇಬೆಂಚು
ಎರಡು ನಿಮಿಷ ಮೌನಕ್ಕೂ ತರಬೇತಿ ಬೇಕಾ ಅಂತ ಕೇಳೋಣ ಅಂತಿದ್ದೆ. ಬೇಕು ಬಿಡಿ.

ಸಂಯೋಜಕಿ
ಎಲ್ಲರಿಗೂ ಧನ್ಯವಾದ. ಯೋಜನೆ ತಿದ್ದಿದೆ: 12 ಬೈಠಕ್ ಬುನಾದಿ, ಮೊದಲನೇದರಲ್ಲೇ ಮಕ್ಕಳ ಸುರಕ್ಷತೆ. ಆಮೇಲೆ ಸೇವೆಗೆ ತಕ್ಕ ಹಾಗೆ ನಾಲ್ಕು ಬೈಠಕ್. ನಂತರ ಮೂರು ತಿಂಗಳು ಅನುಭವಿಗಳ ಜೊತೆ ನಿಂತು ಕೆಲಸ, ಕೊನೆಗೆ ಒಟ್ಟಿಗೆ ಕೂತು ವಿಮರ್ಶೆ. ಜವಾಬ್ದಾರಿ ಮೂರು ವರ್ಷಕ್ಕೆ ಮಾತ್ರ. ನೋಡು, ತೂಗು, ಮಾಡು ಹತ್ತನೇ ಬೈಠಕ್‌ನಲ್ಲಿ.

ಹುಳಿಹಿಟ್ಟು
ಹತ್ತನೇದಾ? ಅಷ್ಟರಲ್ಲಿ ಅರ್ಧ ಜನ ಇರಲ್ಲ. ಮೂರನೇದರಲ್ಲಿ ಇಡಿ, ಪ್ರತಿ ಮೂರನೇ ಬೈಠಕ್‌ಗೆ ಮತ್ತೆ ಮಾಡಿ.

ಹಳೇಉಪದೇಶಿ
ಜನ ಬಿಡೋದು ಸಾಮಾನ್ಯವಾಗಿ ಮೂರನೇ, ನಾಲ್ಕನೇ ವಾರ. ಮನೆಯವರಿಗೆ ಏನು ನಡೀತಿದೆ ಅಂತ ಗೊತ್ತಿಲ್ಲದಿದ್ದರೆ ಇನ್ನೂ ಬೇಗ. ಎರಡನೇ ವಾರವೇ ಮನೆಯವರನ್ನೂ ಒಮ್ಮೆ ಕರೆದು ಕೂರಿಸಿ. ಮೂರು ವರ್ಷದ ಗಡುವನ್ನ ಮೊದಲ ದಿನವೇ ಬರೆದು ಕೊಡಿ. ಆಮೇಲೆ ಹೇಳಿದರೆ "ನನ್ನನ್ನ ತೆಗೆದರು" ಅಂತ ಆಗುತ್ತೆ.

ಸಂಯೋಜಕಿ
ಮೂರನೇದಕ್ಕೆ ತಂದಿದ್ದೀನಿ. ಪ್ರಮಾಣಪತ್ರ ಮೂರು ತಿಂಗಳ ವಿಮರ್ಶೆ ಆದ ಮೇಲೆ.

ಮೂರನೇಬೆಂಚು
ಅದರ ಮೇಲೆ "ಆದರಪೂರ್ವಕವಾಗಿ" ಅಂತ ಹಾಕಿಸೋದಾದ್ರೆ ಕರಡು ತಿದ್ದೋಕೆ ವಾಚನಪೀಠದವರಿಗೆ ಕೊಡಿ ಮೇಡಂ.